ಇ ಡ್ರೈವ್‌ನಲ್ಲಿದ್ದವರು

"ಅದ್ರಲ್ಲೇನಿಲ್ಲ, ಬುಡು" ಎಂದು ಭಾವ ಹೇಳಿದ್ದು ನನಗೆ ನೆನಪಿದೆ. ಆದರೆ ಆ ಮಾತನ್ನು ಅವರು ಆ ದಿನ ಬೆಳಿಗ್ಗೆ ಅಂಗಡಿಯಲ್ಲಿ ಆಡಿದರೋ, ಅಥವಾ ತಿಂಗಳು ಕಳೆದ ಮೇಲೆ ತಲೆಯ ಮೇಲೆ ಕೈಯಿಟ್ಟು ಕೂತು "ಏನಿಲ್ಲ ಅಂದ್ಬುಟ್ನಲ್ಲಾ" ಎಂದು ತಾವೇ ಹಲುಬಿದ್ದನ್ನು ನಾನು ಹಿಂದಕ್ಕೆ ಒಯ್ದು ಆ ಬೆಳಿಗ್ಗೆಗೆ ಅಂಟಿಸಿಕೊಂಡೆನೋ, ಈಗ ಬಿಡಿಸಿ ಹೇಳಲಾರೆ. ನಾನು ಅವರನ್ನು ಕೇಳಿದೆ ಎಂಬುದೂ ಅಷ್ಟೇ ಮಸುಕು. ಕೇಳಿರಬೇಕು. ಕೇಳದೆ ಇನ್ನೊಬ್ಬರ ಹಾರ್ಡ್ ಡಿಸ್ಕಿನ ಒಂದು ಭಾಗವನ್ನು ಅಳಿಸುವವನು ನಾನಲ್ಲ ಎಂದು ನನ್ನ ಬಗ್ಗೆ ನನಗೊಂದು ಅಭಿಪ್ರಾಯವಿದೆ. ಆ ಅಭಿಪ್ರಾಯವೇ ಕೂತು ಈ ನೆನಪನ್ನು ತಯಾರಿಸಿರಲೂಬಹುದು.

ಭಾವ ಎಂದರೆ ನನ್ನ ಅಕ್ಕನ ಗಂಡ. ತಿ. ನರಸೀಪುರದಲ್ಲಿ, ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ, ಅವರ ಫೋಟೋ ಸ್ಟುಡಿಯೋ. ನಾನು ನಂಜನಗೂಡಿನಲ್ಲಿದ್ದೇನೆ. ಭೌತಶಾಸ್ತ್ರ ಓದಿ, ಸಂಶೋಧನೆಗೆಂದು ಹೊರಟು, ಅರ್ಧಕ್ಕೆ ಬಿಟ್ಟು, ಈಗ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ನಮ್ಮ ಮನೆಯ ಹಿಂದೆ ಹರಿಯುವ ಕಪಿಲೆ ಹೋಗಿ ಕಾವೇರಿಯನ್ನು ಸೇರುವುದು ಅವರ ಊರಿನಲ್ಲಿ. ಸುತ್ತಲ ಹಳ್ಳಿಗಳವರು ಅಸ್ಥಿ ಬಿಡಲು ಆ ಸಂಗಮಕ್ಕೆ ಬರುತ್ತಾರೆ. ಬಂದವರಲ್ಲಿ ಕೆಲವರು ಒದ್ದೆ ಬಟ್ಟೆ ಬದಲಾಯಿಸಿಕೊಂಡು ನೇರವಾಗಿ ಭಾವನ ಅಂಗಡಿಗೂ ಬರುತ್ತಿದ್ದರು. ತಿಥಿಗೆ ಹಾರ ಹಾಕಲು ಒಂದು ಪಟ ಬೇಕಲ್ಲ.

ಹಾಗಾಗಿ ಭಾವನ ಕೆಲಸ ಎರಡು ಬಗೆಯದಾಗಿತ್ತು. ಒಂದು ಮದುವೆ, ನಾಮಕರಣ, ಗೃಹಪ್ರವೇಶ. ಇನ್ನೊಂದು ಸಾವು. ಸತ್ತವರ ಒಳ್ಳೆಯ ಫೋಟೋ ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. ಗುರುತಿನ ಚೀಟಿಯ ಹೆಬ್ಬೆರಳುಗಾತ್ರದ ಮುಖವನ್ನು ದೊಡ್ಡದು ಮಾಡಿದರೆ ಅದು ಯಾರೆಂದು ಮನೆಯವರಿಗೇ ಗೊತ್ತಾಗುವುದಿಲ್ಲ. ಆಗ ಭಾವನಿಗೆ ಫೋನು ಬರುತ್ತಿತ್ತು. ಇವರು ಕ್ಯಾಮೆರಾ ಹಿಡಿದು ಬೈಕಿನಲ್ಲಿ ಹೋಗುತ್ತಿದ್ದರು. ಮನೆಯವರು ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಗದ್ದ ಜಾರದಂತೆ ಬಟ್ಟೆ ಕಟ್ಟಿರುತ್ತಿದ್ದರು. ಇವರು ನಾಲ್ಕು ಫೋಟೋ ತೆಗೆದುಕೊಂಡು ಬಂದು, ಕಂಪ್ಯೂಟರಿನಲ್ಲಿ ಗದ್ದದ ಬಟ್ಟೆ ಅಳಿಸಿ, ಹಿಂದೆ ನೀಲಿ ಪರದೆ ಹಾಕಿ, ಕೊನೆಗೆ ಕಣ್ಣು ತೆರೆಸುತ್ತಿದ್ದರು. 'ಕಣ್ಣು' ಎಂಬ ಹೆಸರಿನ ಒಂದು ಫೋಲ್ಡರೇ ಅವರಲ್ಲಿತ್ತು. ಬದುಕಿರುವವರ ಫೋಟೋಗಳಿಂದ ಕತ್ತರಿಸಿಟ್ಟುಕೊಂಡ ಕಣ್ಣುಗಳು: ಮುದುಕರವು, ಹೆಂಗಸರವು, ಕನ್ನಡಕ ಹಾಕುವವರವು. ಮುಖದ ಬಣ್ಣಕ್ಕೆ, ವಯಸ್ಸಿಗೆ ಹೊಂದುವ ಜೋಡಿಯೊಂದನ್ನು ಆರಿಸಿ ಮುಚ್ಚಿದ ರೆಪ್ಪೆಯ ಮೇಲೆ ಕೂರಿಸಿದರೆ ಸತ್ತವರು ನೋಡುತ್ತಿದ್ದರು. ಮನೆಯವರು ಅದನ್ನು ಕಂಡು ಅಳುತ್ತಿದ್ದರು. ಅದು ಅವರ ಕಣ್ಣಲ್ಲವೆಂದು ಒಬ್ಬರೂ ಹೇಳಿದ್ದಿಲ್ಲವಂತೆ. ನನಗೆ ಆ ಕೆಲಸ ಅಸಹ್ಯವೆನ್ನಿಸುತ್ತಿರಲಿಲ್ಲ, ಸುಳ್ಳು ಎನ್ನಿಸುತ್ತಿತ್ತು. ಒಮ್ಮೆ ಹಾಗೆಂದು ಹೇಳಿಯೂ ಇದ್ದೆ.

"ನಿಂಗೇನಪ್ಪ, ಓದ್ದೋನು" ಎಂದಿದ್ದರು ಭಾವ. "ಕಣ್ ಮುಚ್ಕೊಂಡಿರೋ ಅಪ್ಪನ್ನ ಗೋಡೆಗೆ ನ್ಯಾತಾಕ್ಕೊಂಡು ದಿನಾ ನೋಡು, ಗೊತ್ತಾಯ್ತದೆ."

ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು ಅಕ್ಕ ಕೂರುತ್ತಿದ್ದಳು. ಮದುವೆಯ ಫೋಟೋಗಳೂ ಸಾವಿನ ಫೋಟೋಗಳೂ ಒಂದೇ ಕಡೆ ಇರಕೂಡದೆಂಬುದು ಅವಳ ಕಟ್ಟಪ್ಪಣೆ. ಮದುವೆಯವರು ಭುಜದ ಮೇಲಿಂದ ಬಗ್ಗಿ ನೋಡುತ್ತಿರುವಾಗ ಪಕ್ಕದಲ್ಲಿ ಕುರ್ಚಿಗೆ ಕಟ್ಟಿದ ಹೆಣ ಕಂಡರೆ? ಆದ್ದರಿಂದ ಶುಭದ್ದೆಲ್ಲ ಡಿ ಡ್ರೈವ್‌ನಲ್ಲಿ, ಸಾವಿನದೆಲ್ಲ ಇ ಡ್ರೈವ್‌ನಲ್ಲಿ. ಸಿ ಡ್ರೈವ್‌ನಲ್ಲಿ ಯಾರೂ ಏನೂ ಇಡುವುದಿಲ್ಲ, ವೈರಸ್ ಬಂದರೆ ಮೊದಲು ಅಳಿಸುವುದು ಅದನ್ನೇ ಎಂದು ಕಂಪ್ಯೂಟರ್ ಜೋಡಿಸಿಕೊಟ್ಟವನು ಹೇಳಿಹೋಗಿದ್ದ. ಇ ಡ್ರೈವ್‌ನಲ್ಲಿದ್ದ ಒಂದೇ ಒಂದು ಫೋಲ್ಡರನ್ನು ಭಾವ ಕಣ್ಣಿಗೆ ಕಾಣದಂತೆ ಅಡಗಿಸಿದ್ದರು. ಡ್ರೈವ್ ತೆರೆದರೆ ಬಿಳಿ ಹಾಳೆಯ ಹಾಗೆ ಖಾಲಿ. ಬೇಕಾದಾಗ ಭಾವ ಎರಡು ಗುಂಡಿ ಒತ್ತಿ ಅದನ್ನು ಬರಿಸಿಕೊಳ್ಳುತ್ತಿದ್ದರು, ಕೆಲಸ ಮುಗಿದ ಮೇಲೆ ಮತ್ತೆ ಅಡಗಿಸುತ್ತಿದ್ದರು. ಮದುವೆಯ ಫೋಟೋಗಳಿಗೆ ಡಿವಿಡಿ ಮಾಡಿ ಕಪಾಟಿನಲ್ಲಿಡುತ್ತಿದ್ದರು. ಸಾವಿನವಕ್ಕೆ ಬೇರೆ ಪ್ರತಿ ಇರಲಿಲ್ಲ. ಅಂಥದ್ದನ್ನು ಮನೆಯಲ್ಲಿ ಎರಡೆರಡು ಇಟ್ಟುಕೊಳ್ಳಲು ಅಕ್ಕ ಒಪ್ಪುತ್ತಿರಲಿಲ್ಲ.

ಈ ವ್ಯವಸ್ಥೆ ನನಗೆ ಮೊದಲೇ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೆಂದೇ ಅಂದುಕೊಂಡಿದ್ದೇನೆ.

ಆ ಫೋಲ್ಡರಿನಲ್ಲಿ ಒಂದು ಕೂಸಿನ ಪಟವಿತ್ತು. ಹೆಮ್ಮಿಗೆಯ ಮನೆಯೊಂದರ ಎಂಟು ತಿಂಗಳ ಹೆಣ್ಣು ಕೂಸು, ಮೂರು ದಿನದ ಜ್ವರಕ್ಕೆ ತೀರಿಕೊಂಡಿತ್ತು. ವರ್ಷ ತುಂಬಿ, ನಂಜನಗೂಡಿಗೆ ಬಂದು ಮುಡಿ ಕೊಡುವ ತನಕ ಮಗುವಿನ ಫೋಟೋ ತೆಗೆಯಬಾರದೆಂಬುದು ಆ ಮನೆಯ ಹಿರಿಯರ ನಿಯಮ. ತೆಗೆದರೆ ದೃಷ್ಟಿ, ಆಯಸ್ಸು ಕಡಿಮೆ. ಮನೆಯಲ್ಲಿ ಮೂರು ಮೊಬೈಲುಗಳಿದ್ದರೂ ಯಾರೂ ನಿಯಮ ಮುರಿದಿರಲಿಲ್ಲ. ಕೂಸಿನ ಸೋದರಮಾವ ಬೈಕಿನಲ್ಲಿ ಬಂದು ಭಾವನನ್ನು ಕರೆದ.

"ಕೂಸಿನ ಪಟ ನಾನ್ ತೆಗೆಯಲ್ಲ ಕಣಪ್ಪ. ಒಂದ್ ಸಲ ತೆಗ್ದು ಸಾಕಾಗದೆ" ಎಂದರಂತೆ ಭಾವ.

"ಒಂದೂ ಇಲ್ಲ ಸಾ. ಒಂದೇ ಒಂದಿಲ್ಲ" ಎಂದನಂತೆ ಅವನು.

ಭಾವ ಹೋದರು. ಕಿಟಕಿಯ ಪಕ್ಕ ತಾಯಿಯ ತೊಡೆಯ ಮೇಲೆ, ಹಸಿರು ಟವೆಲಿನಲ್ಲಿ ಸುತ್ತಿದ್ದ ಕೂಸು. ಹಣೆಯ ಮೇಲೆ ದೃಷ್ಟಿಬೊಟ್ಟು ಇನ್ನೂ ಇತ್ತು. ಮೂರು ಸಲ ತೆಗೆದರು. ಯಾವಾಗ ಬೇಕು ಎಂದು ಕೇಳಿದರೆ ಆ ತಾಯಿ, "ಈಗ ಬ್ಯಾಡ ಅಣ್ಣ. ಈಗ ನೋಡ್ನಾರೆ. ನಾನೇ ಬತ್ತೀನಿ, ಮಡಗಿರಿ" ಎಂದಳಂತೆ. "ಮಡಗಿರ್ತೀನಿ ಕಣವ್ವ" ಎಂದು ಭಾವ ಮಾತು ಕೊಟ್ಟು ಬಂದರು. ಇಷ್ಟನ್ನೂ ನಾನು ಭಾವನಿಂದ ಕೇಳಿದ್ದು. ಈ ಕಥೆಯಲ್ಲಿ ಹೆಚ್ಚು ನಂಬಬಹುದಾದದ್ದು ಈ ಭಾಗವೇ, ಏಕೆಂದರೆ ಇದರಲ್ಲಿ ನಾನಿಲ್ಲ.

ಲಿನಕ್ಸ್ ಹಾಕುವ ಯೋಚನೆ ನನ್ನದು. ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ವ್ಯವಸ್ಥೆ ಅದು, ವಿಂಡೋಸ್‌ನ ವೈರಸ್ ಅದಕ್ಕೆ ತಗುಲುವುದಿಲ್ಲ. ಸ್ಟುಡಿಯೋಗೆ ದಿನಕ್ಕೆ ಇಪ್ಪತ್ತು ಜನ ಪೆನ್ ಡ್ರೈವ್ ತಂದು ಚುಚ್ಚುತ್ತಿದ್ದರು. ಪ್ರತಿಯೊಂದರಲ್ಲೂ ಒಂದು ವೈರಸ್. ಎರಡು ತಿಂಗಳಿಗೊಮ್ಮೆ ಕಂಪ್ಯೂಟರ್ ಮಲಗುತ್ತಿತ್ತು. ಫೋಟೋಶಾಪ್ ಬೇಕಾದ್ದರಿಂದ ವಿಂಡೋಸ್ ತೆಗೆಯುವ ಹಾಗಿರಲಿಲ್ಲ. ಅದರ ಪಕ್ಕದಲ್ಲೇ ಲಿನಕ್ಸ್ ಹಾಕಿದರೆ, ಗಿರಾಕಿಗಳ ಪೆನ್ ಡ್ರೈವನ್ನು ಮೊದಲು ಅಲ್ಲಿ ತೆರೆದು, ಬೇಕಾದ ಫೋಟೋವನ್ನಷ್ಟೇ ಡಿ ಡ್ರೈವ್‌ಗೆ ದಾಟಿಸಬಹುದು. ಯೋಜನೆಯಲ್ಲಿ ತಪ್ಪಿರಲಿಲ್ಲ, ಈಗಲೂ ಹಾಗೇ ಅನ್ನಿಸುತ್ತದೆ. ತಪ್ಪಿಲ್ಲದ ಯೋಜನೆ ಕೈಯಲ್ಲಿದ್ದಾಗ ನನಗೊಂದು ಆತುರ ಬರುತ್ತದೆ, ಅದು ನನ್ನ ಹಳೆಯ ರೋಗ.

ಒಂದು ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಭಾವ ಆಗತಾನೆ ಬಾಗಿಲಿಗೆ ನೀರು ಹಾಕಿ, ಊದುಬತ್ತಿ ಹಚ್ಚಿದ್ದರು. ಇನ್ನೂ ಬೋಣಿಯಾಗಿರಲಿಲ್ಲ. ಆಲ್ಬಮ್ಮಿಗೆ ಫೋಟೋ ಆರಿಸಲು ಬನ್ನೂರು ಕಡೆಯ ಮದುವೆ ಮನೆಯವರು ಮೂವರು ಬೆಂಚಿನ ಮೇಲೆ ಬಂದು ಕೂತಿದ್ದರು. ಹೆಣ್ಣಿನ ಅಪ್ಪ, ಚಿಕ್ಕಪ್ಪ, ಜೊತೆಗೊಬ್ಬ ಹಿರಿಯ ಹೆಂಗಸು. ಅರ್ಧ ಗಂಟೆ ಕಾಯಿರಿ ಎಂದು ಅವರಿಗೆ ಕಾಫಿ ತರಿಸಿಕೊಟ್ಟು ನಾನು ಕೆಲಸಕ್ಕೆ ಕೂತೆ.

"ಏನ್ಲಾ ಬಾಮೈದ, ನಿನ್ನ ಈ ಹಕ್ಕಿ ನನ್ನ ಫೋಟೋಶಾಪ್‌ನ ಕುಕ್ಕಾಕಲ್ವಾ?" ಲಿನಕ್ಸ್‌ನ ಪೆಂಗ್ವಿನ್ ಚಿತ್ರ ನೋಡಿ ಭಾವ ಕೇಳಿದರು.

"ಇಲ್ಲ ಭಾವ. ಎರಡೂ ಪಕ್ಕಪಕ್ಕದಲ್ಲೇ ಇರ್ತವೆ. ಆನ್ ಮಾಡಿದಾಗ ಯಾವುದು ಬೇಕು ಅಂತ ಅದೇ ಕೇಳ್ತದೆ."

"ಅಂದ್ರೆ ಇಬ್ರು ಹೆಂಡ್ರ ಸಂಸಾರ ಅನ್ನು."

ಬೆಂಚಿನ ಮೇಲಿದ್ದ ಚಿಕ್ಕಪ್ಪ ಕಾಫಿ ಲೋಟ ಇಳಿಸಿ, "ಉಸಾರು ಕಣಪ್ಪ, ಯಾವತ್ತಾರ ಒಬ್ಬಳು ಇನ್ನೊಬ್ಬಳ ಸೀರೆ ಸುಟ್ಟಾಕ್ತಾಳೆ" ಎಂದ. ಹಿರಿಯ ಹೆಂಗಸು, "ಸುಡ್ಲಿ, ಈ ಗಂಡಸ್ರಿಗೆ ಇದೇ ಕಣ್ಲಾ ಕನಸು" ಎಂದಳು. ಎಲ್ಲರೂ ನಕ್ಕರು. ಈ ನಗು ನನಗೆ ಸ್ಪಷ್ಟವಾಗಿ ನೆನಪಿದೆ. ಬೇಡದ್ದೆಲ್ಲ ಹೀಗೆ ಸ್ಪಷ್ಟವಾಗಿಯೇ ಇರುತ್ತದೆ.

ಲಿನಕ್ಸ್‌ಗೆ ಜಾಗ ಬೇಕು. ಮೊದಲು ಡಿ ಡ್ರೈವನ್ನು ಸ್ವಲ್ಪ ಕುಗ್ಗಿಸೋಣವೆಂದುಕೊಂಡಿದ್ದೆ. ಆದರೆ ಅದು ಮದುವೆಗಳಿಂದ ತುಂಬಿ ತುಳುಕುತ್ತಿತ್ತು. ಇ ತೆರೆದೆ. ಖಾಲಿ. ಬಿಳಿ ಪರದೆಯ ಮೇಲೆ 'ಈ ಫೋಲ್ಡರ್ ಖಾಲಿಯಿದೆ' ಎಂಬ ಅರ್ಥದ ಒಂದು ಸಾಲು. ಆಗ ತಿರುಗಿ ಕೇಳಿದೆ, ಅಥವಾ ಕೇಳಿದೆನೆಂದು ಅಂದುಕೊಂಡಿದ್ದೇನೆ: "ಭಾವ, ಇ ಡ್ರೈವ್‌ನಲ್ಲಿ ಏನಿದೆ?"

ಭಾವ ಮದುವೆಯವರ ಕಡೆ ನೋಡಿದರು. "ಅದ್ರಲ್ಲೇನಿಲ್ಲ, ಬುಡು."

ಬೋಣಿಯಾಗದ ಹೊತ್ತಿನಲ್ಲಿ, ಅರಿಶಿನದ ಕೈಯವರು ಎದುರಿಗೆ ಕೂತಿರುವಾಗ, ಇ ಡ್ರೈವ್‌ನಲ್ಲಿ ಹೆಣಗಳಿವೆ ಎಂದು ನಮ್ಮ ಕಡೆಯ ಯಾವ ವ್ಯಾಪಾರಸ್ಥನೂ ಬಾಯಿ ಬಿಟ್ಟು ಹೇಳುವುದಿಲ್ಲ. ನನಗೆ ಅದು ಹೊಳೆಯಬೇಕಿತ್ತು. ಇದೇ ನೆಲದಲ್ಲಿ ಬೆಳೆದವನು ನಾನು. ಎಣ್ಣೆ ಇದೆಯೇ ಎಂದರೆ ಸಂಜೆಯ ಹೊತ್ತು ಕೊಡಬಾರದೆಂದು ಅಂಗಡಿಯವನು ಇಲ್ಲ ಎನ್ನುತ್ತಾನೆ, ಡಬ್ಬ ಎದುರಿಗೇ ಇರುತ್ತದೆ. ಆದರೆ ಇಂಥದ್ದನ್ನೆಲ್ಲ ಗಮನಿಸುವುದನ್ನು ಓದಿನ ಹೆಸರಿನಲ್ಲಿ ಬಿಟ್ಟುಬಿಟ್ಟಿದ್ದೆ. ಮಾತಿಗೆ ಅದರ ಅರ್ಥವೇ ಅರ್ಥ ಎಂದುಕೊಂಡಿದ್ದೆ.

ಪೆನ್ ಡ್ರೈವ್‌ನಿಂದ ಲಿನಕ್ಸ್ ಶುರುಮಾಡಿದೆ. ಡಿಸ್ಕಿನ ಭಾಗಗಳನ್ನು ತೋರಿಸುವ ಪರದೆ ಬಂತು. ಲಿನಕ್ಸ್‌ಗೆ ಸಿ, ಡಿ, ಇ ಎಂಬ ಅಕ್ಷರಗಳಿಲ್ಲ, ಭಾಗಗಳಿಗೆ ಬರಿಯ ಸಂಖ್ಯೆಗಳು. ಕೊನೆಯದು, ಅದರ ಲೆಕ್ಕದಲ್ಲಿ ಆರನೆಯದು, ಇ. ಗಾತ್ರ ಹೊಂದಿಸಿ ನೋಡಿ ಖಚಿತಪಡಿಸಿಕೊಂಡೆ. ಅಳಿಸಿ ಹೊಸದಾಗಿ ಬರೆಯಬೇಕೆಂದು ಗುರುತು ಹಾಕಿದೆ. ಇದನ್ನು ಮತ್ತೆ ಹಿಂದಕ್ಕೆ ಪಡೆಯಲಾಗದು, ಮುಂದುವರಿಯಲೇ ಎಂದು ಅದು ಒಂದು ಸಲ ಕೇಳಿತು. ಮುಂದುವರಿ ಎಂದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಭಾವ ಮಾನಿಟರಿನ ಮೂಲೆಗೆ ಕುಂಕುಮವಿಟ್ಟು ಕೈಮುಗಿದರು. ನಾನು ನಕ್ಕೆ.

ಆ ತಿಂಗಳು ಅಂಗಡಿಯಲ್ಲಿ ವೈರಸ್ ಬರಲಿಲ್ಲ. ಭಾವ ಖುಷಿಯಾಗಿದ್ದರು, ನಾನು ಇನ್ನೂ ಹೆಚ್ಚು. ಇ ಡ್ರೈವ್ ಕಾಣದಿರುವುದನ್ನು ಅವರು ಮೂರನೆಯ ದಿನವೇ ಗಮನಿಸಿದ್ದರು. ಆದರೆ ಆ ಭಾಗವನ್ನು ಲಿನಕ್ಸ್‌ಗೆ ಕೊಟ್ಟಿದ್ದರಿಂದ ಅದರೊಳಗಿದ್ದದ್ದು ಲಿನಕ್ಸ್‌ನ ಒಳಗೆ ಎಲ್ಲೋ ಇರುತ್ತದೆಂದು ತಿಳಿದಿದ್ದರು. ಮನೆ ಬಾಡಿಗೆಗೆ ಕೊಟ್ಟರೆ ಅಟ್ಟದ ಮೇಲಿನ ಸಾಮಾನು ಎಲ್ಲಿ ಹೋಗುತ್ತದೆ? ಹೊಸ ಸಾವಿನ ಕೆಲಸಗಳನ್ನು ಡಿ ಡ್ರೈವ್‌ನ ಮೂಲೆಯಲ್ಲಿ ಮಾಡಿ, ಅಂದಂದೇ ಕೊಟ್ಟು ಅಳಿಸುತ್ತಿದ್ದರು. ಹಳಬರೆಲ್ಲ ತಮ್ಮ ಪಟಗಳನ್ನು ಆಗಲೇ ಒಯ್ದಾಗಿತ್ತು. ಉಳಿದದ್ದು ಒಂದೇ.

ಕಾಲೇಜಿನಲ್ಲಿದ್ದಾಗ ಫೋನು ಬಂತು. ತರಗತಿ ಮುಗಿಸಿ ಕಾರಿಡಾರಿನಲ್ಲಿ ನಿಂತು ಮಾತಾಡಿದೆ.

"ಲೇ, ಆ ಇ ಡ್ರೈವ್ ಲಿನಕ್ಸಲ್ಲಿ ಎಲ್ಲಿ ಓಪನ್ ಮಾಡದು? ಹೆಮ್ಮಿಗೆಯಿಂದ ಒಂದು ಹೆಣ್ಮಗ ಬಂದು ಕುಂತದೆ. ಕೂಸಿನ ಪಟ ಬೇಕಂತೆ."

"ಯಾವ ಇ ಡ್ರೈವ್ ಭಾವ?"

"ಅದೇ ಕಣ್ಲಾ. ಸತ್ತೋರ್ದು."

"ಅದು ಖಾಲಿ ಇತ್ತಲ್ಲ. ಅದರ ಮೇಲೇ ಅಲ್ಲವಾ ಲಿನಕ್ಸ್ ಕೂರಿಸಿದ್ದು."

ಅವರ ಹಿಂದೆ ಬಸ್ಸಿನ ಹಾರನ್ ಕೇಳುತ್ತಿತ್ತು. "ಒಸಿ ತಡಿಯವ್ವ, ಮಿಷನ್ ಕೆಟ್ಟದೆ, ಮುಂದಿನ ಸೋಮಾರ ಬಾ" ಎಂದು ಅವರು ಯಾರಿಗೋ ಹೇಳಿದ್ದು ಕೇಳಿಸಿತು. ಹೋಗಿ ಬರುತ್ತೇನೆಂದು ಅವಳು ಹೇಳಿದ್ದೂ ಕೇಳಿಸಿತೆಂದು ನನಗೆ ಅನ್ನಿಸುತ್ತದೆ, ಆದರೆ ಫೋನಿನಲ್ಲಿ ಅಷ್ಟು ದೂರದ ಮೆಲುದನಿ ಕೇಳಿಸಿರಲಾರದು.

ಅಂದೇ ಹೋಗಿ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ನಂಜನಗೂಡಿಗೆ ತಂದೆ. ಡಿಸ್ಕ್ ವಾಪಸು ಬರುವ ತನಕ ಅಂಗಡಿ ಮುಚ್ಚಿತ್ತು. ಅಳಿಸಿದ್ದು ಡಿಸ್ಕಿನಿಂದ ತಕ್ಷಣ ಮಾಯವಾಗುವುದಿಲ್ಲ. ಮೇಲೆ ಹೊಸದನ್ನು ಬರೆಯುವ ತನಕ ಕೆಳಗೆ ಹಳೆಯದು ಬಿದ್ದೇ ಇರುತ್ತದೆ. ಅದನ್ನು ಹೆಕ್ಕಿ ತೆಗೆಯುವ ತಂತ್ರಾಂಶ ಸಾಧನಗಳಿವೆ. ಆದರೆ ಒಂದು ತಿಂಗಳಿಂದ ಭಾವ ನಾನು ಹೇಳಿಕೊಟ್ಟಂತೆಯೇ, ಗಿರಾಕಿಗಳ ಫೋಟೋಗಳನ್ನು ಮೊದಲು ಲಿನಕ್ಸ್ ಇದ್ದ ಆ ಭಾಗಕ್ಕೆ ಇಳಿಸಿಕೊಳ್ಳುತ್ತಿದ್ದರು. ದಿನಕ್ಕೆ ಇಪ್ಪತ್ತು ಪೆನ್ ಡ್ರೈವ್. ನನ್ನ ವಿಧಾನವನ್ನು ಅವರು ಎಷ್ಟು ಶ್ರದ್ಧೆಯಿಂದ ಪಾಲಿಸಿದ್ದರೋ ಅಷ್ಟು ಹಳೆಯದು ಅಳಿದಿತ್ತು.

ಎರಡು ಹಗಲು ಆ ಸಾಧನ ಓಡಿತು. ಹೆಸರಿಲ್ಲದ, ತಾರೀಖಿಲ್ಲದ ಸಾವಿರಾರು ಚಿತ್ರಗಳು ಹೊರಬಂದವು. ಮುಂದಿನ ಮೂರು ದಿನ ಕಾಲೇಜಿಗೆ ರಜೆ ಹಾಕಿ ಕಿಟಕಿಯ ಪಕ್ಕ ಕೂತು ಒಂದೊಂದನ್ನೇ ನೋಡಿದೆ. ಅಷ್ಟು ಸತ್ತವರನ್ನು ನಾನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಕೆಲವರು ಜೋಡಿಯಾಗಿ ಬರುತ್ತಿದ್ದರು, ಒಮ್ಮೆ ಕಣ್ಣು ಮುಚ್ಚಿ, ಇನ್ನೊಮ್ಮೆ ಕಣ್ಣು ತೆರೆದು. ಕೆಲವರದು ಹಣೆ ಮಾತ್ರ. ಕೆಲವರದು ಎದೆಯ ಮೇಲಿನ ಹಾರ ಮಾತ್ರ, ಉಳಿದದ್ದು ಬೂದು ಬಣ್ಣದ ಪಟ್ಟಿ. ಎರಡನೆಯ ದಿನದ ಹೊತ್ತಿಗೆ ನನಗೆ ಭಾವನ ಕೈಚಳಕ ಗುರುತಾಗತೊಡಗಿತು. ಒಂದೇ ಜೋಡಿ ಕಣ್ಣು ಐದಾರು ಮುದುಕರ ಮುಖದಿಂದ ನನ್ನನ್ನು ನೋಡುತ್ತಿತ್ತು.

ಮೂರನೆಯ ದಿನ ಎರಡು ಕೂಸುಗಳು ಸಿಕ್ಕವು. ಒಂದು ಪೂರ್ತಿ ಇತ್ತು, ಆದರೆ ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿದ್ದರು. ಇನ್ನೊಂದರಲ್ಲಿ ಕಿಟಕಿಯ ಸರಳು, ಹಸಿರು ಟವೆಲಿನ ಅಂಚು, ದೃಷ್ಟಿಬೊಟ್ಟಿನ ಹಣೆ, ಮುಚ್ಚಿದ ಎರಡು ಕಣ್ಣು, ಮೂಗಿನ ಮೇಲ್ಭಾಗ. ಅಲ್ಲಿಂದ ಕೆಳಗೆ ಬೂದು. ಆ ಕೂಸಿನ ಉಳಿದ ಎರಡು ಪಟಗಳು ಎಲ್ಲೂ ಇರಲಿಲ್ಲ.

ಭಾವನಿಗೆ ತೋರಿಸಿದೆ. ತುಂಬ ಹೊತ್ತು ನೋಡಿದರು.

"ಇದೇ ಕಣ್ಲಾ."

"ಖಂಡಿತವಾ?"

"ಟವಲು ಅದೇ."

"ಟವೆಲ್ ಎಲ್ಲರ ಮನೇಲೂ ಇರ್ತದೆ ಭಾವ. ಮುಖ?"

"ಮೊಕ ಎಲ್ಲದೆ ಇದ್ರಲ್ಲಿ?" ಎಂದರು. ಬಯ್ಯುವಂತಿತ್ತು ದನಿ. ಆಮೇಲೆ ಕೆಂಪು ಬಟ್ಟೆಯ ಕೂಸನ್ನು ತೋರಿಸಿ ಮೆಲ್ಲಗೆ ಕೇಳಿದರು: "ಇದರ ಬಾಯಿ, ಗದ್ದ ತಕ್ಕೊಂಡು ಕೂರಿಸ್ಲಾ?"

ನಾನು ಬೇಡವೆಂದೆ. ಬೇಡವೆಂದದ್ದು ನಿಜ, ಏಕೆಂದರೆ ಅವರು ಅದಕ್ಕೆ ಕೊಟ್ಟ ಉತ್ತರ ನನಗೆ ಗೊತ್ತು. "ಸರಿ. ಸೋಮಾರ ಬತ್ತದಲ್ಲಾ ಆ ಹೆಣ್ಮಗ, ಅವ್ಳಿಗೆ ನೀನೇ ಏಳು. ಕೂಸಿನ ಅರ್ಧ ಮೊಕ ಅಳಿಸಾಕ್ಬುಟ್ವಿ ಕಣವ್ವ ಅಂತ ನೀನೇ ಏಳು. ಓದ್ದೋನು ನೀನು, ಸರಿಯಾಗಿ ಏಳ್ತೀಯ."

ನಾನು ಕುರ್ಚಿ ಬಿಟ್ಟು ಎದ್ದೆ.

ಅವರು ಕೆಲಸಕ್ಕೆ ಕೂತರು. ಬಾಯಿ ಮತ್ತು ಗದ್ದ ಕೆಂಪು ಬಟ್ಟೆಯ ಕೂಸಿನಿಂದ ಬಂದವು. ಕಣ್ಣುಗಳ ಫೋಲ್ಡರ್ ಡಿ ಡ್ರೈವ್‌ನಲ್ಲಿತ್ತು, ಅದಕ್ಕೇನೂ ಆಗಿರಲಿಲ್ಲ. ಆದರೆ ಅದರಲ್ಲಿ ಕೂಸಿನ ಕಣ್ಣು ಒಂದೇ ಜೋಡಿ ಇದ್ದದ್ದು, ಅವರ ಸ್ವಂತ ಮಗಳದ್ದು, ಅವಳ ಮೊದಲ ಹುಟ್ಟುಹಬ್ಬದ ಫೋಟೋದಿಂದ ತೆಗೆದದ್ದು. "ನಿಮ್ಮಕ್ಕಂಗೆ ಏಳ್ಬೇಡ, ಕೊಂದಾಕ್ತಾಳೆ" ಎಂದರು. ನನ್ನ ಸೋದರಸೊಸೆಯ ಕಣ್ಣು ಆ ಹಣೆಯ ಕೆಳಗೆ ಕೂತದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಅವಳು ಆಗ ಏಳನೇ ತರಗತಿ. ಅಂಗಡಿಯ ಹಿಂದಿನ ಮನೆಯಲ್ಲಿ ಕೂತು ಪಾಠ ಓದಿಕೊಳ್ಳುತ್ತಿದ್ದಳು.

ಸೋಮವಾರ ಆ ತಾಯಿ ಬಂದಳು. ಆಗ ನಾನು ಅಂಗಡಿಯಲ್ಲಿ ಇರಲೇ ಇಲ್ಲವೆಂದು ಭಾವ ಹೇಳುತ್ತಾರೆ. ನಾನು ಟೀ ಕುಡಿಯಲು ಹೋಗಿ, ಅವಳು ಹೋದ ಮೇಲೆ ಬಂದೆನಂತೆ. ಅವಳ ಮಾತುಗಳು ನನಗೆ ಗೊತ್ತಿರುವುದು ಅವರು ಹೇಳಿದ್ದರಿಂದಲೇ ಅಂತೆ. ಇರಬಹುದು. ಹೆದರಿ ಟೀ ಅಂಗಡಿಯಲ್ಲಿ ನಿಂತಿರುವ ಸಾಧ್ಯತೆ ನನ್ನ ವಿಷಯದಲ್ಲಿ ಇದ್ದೇ ಇದೆ. ಆದರೆ ಅವಳ ಕೈಯಲ್ಲಿದ್ದ, ಬಟ್ಟೆ ಅಂಗಡಿಯ ಹಳದಿ ಕೈಚೀಲ ನನಗೆ ನೆನಪಿದೆ. ಪಟ ತೆಗೆದುಕೊಳ್ಳುವ ಮೊದಲು ಅವಳು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡದ್ದು ನೆನಪಿದೆ. ಭಾವನಂಥವರು ಕಥೆ ಹೇಳುವಾಗ ಕೈಚೀಲದ ಬಣ್ಣ ಹೇಳುವುದಿಲ್ಲ.

ದೊಡ್ಡದು ಬೇಡವೆಂದು ಮೊದಲೇ ಹೇಳಿದ್ದಳು. ಪರ್ಸಿನಲ್ಲಿಟ್ಟುಕೊಳ್ಳುವಷ್ಟಿದ್ದರೆ ಸಾಕು, ಗೋಡೆಗೆ ಹಾಕಲು ಅತ್ತೆ ಬಿಡುವುದಿಲ್ಲ, ತಾನು ಬಂದಿರುವುದೂ ಅವರಿಗೆ ಗೊತ್ತಿಲ್ಲ. ಪಟವನ್ನು ಬೆಳಕಿಗೆ ಹಿಡಿದು ನೋಡಿದಳು.

"ಬಾಯಿ ಒಸಿ ದಪ್ಪ ಬಂದದೆ."

"ಪ್ರಿಂಟಲ್ಲಿ ಅಂಗೇ ಕಣವ್ವ" ಎಂದರು ಭಾವ. "ಇಂಕು ಹರಡ್ತದೆ."

ಅವಳು ಒಪ್ಪಿಕೊಂಡಂತೆ ತಲೆಯಾಡಿಸಿದಳು. "ಕಣ್ಣು ಮಾತ್ರ ಅವಳ್ದೇ."

ಆಮೇಲೆ ಪಟದಿಂದ ಕಣ್ಣು ತೆಗೆಯದೆಯೇ ಹೇಳಿದಳು: "ಮೊಕ ಮರ್ತೋಯ್ತಿತ್ತು ಅಣ್ಣ. ನೆಪ್ಪು ಮಾಡ್ಕೊಂಡ್ರೆ ಕೈ ಬತ್ತದೆ, ಕಾಲು ಬತ್ತದೆ, ಮೊಕ ಬರಲ್ಲ. ಅದ್ಕೇಯ ಬಂದಿದ್ದು. ಇನ್ಮ್ಯಾಕೆ ಬತ್ತದೆ ಬುಡಿ."

ಪಟವನ್ನು ಕರವಸ್ತ್ರದಲ್ಲಿ ಸುತ್ತಿ ಪರ್ಸಿಗೆ ಹಾಕಿ, ಪರ್ಸನ್ನು ಹಳದಿ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಅವಳು ಈಗ ಕಣ್ಣು ಮುಚ್ಚಿದರೆ ಬರುವುದು ಆ ಮುಖ. ನಾನು ಇಲ್ಲಿ ಕೂತು ಕೈಚೀಲದ ಬಣ್ಣವನ್ನು ಅನುಮಾನಿಸಬಲ್ಲೆ, ಅನುಮಾನ ನನಗೆ ಕೆಲಸವಿದ್ದಂತೆ. ಅವಳಿಗೆ ಅನುಮಾನವಿರಲಿಲ್ಲ. ಬಾಯಿಯ ವಿಷಯದಲ್ಲಿ ಇದ್ದ ಒಂದಿಷ್ಟನ್ನೂ ನಾವು ತೆಗೆದುಹಾಕಿದೆವು.

ಭಾವ ಆಮೇಲೆ ಕೂಸುಗಳ ಪಟಕ್ಕೆ ಹೋಗಲಿಲ್ಲ. ಇನ್ನೊಂದು ಬದಲಾವಣೆಯೂ ಆಯಿತು. ಕಂಪ್ಯೂಟರ್ ರಿಪೇರಿಯವನೋ, ಬಿಲ್ಲಿನ ಸಾಫ್ಟ್‌ವೇರ್ ಹಾಕುವವನೋ ಬಂದು ಯಾವ ಡ್ರೈವ್‌ನಲ್ಲಿ ಏನಿದೆ ಎಂದು ಕೇಳಿದರೆ, ಬೋಣಿಯಾಗಿರಲಿ ಬಿಡಲಿ, ಎದುರಿಗೆ ಮದುವಣಗಿತ್ತಿಯೇ ಕೂತಿರಲಿ, ಜೋರಾಗಿ ಹೇಳುತ್ತಾರೆ: "ಇದ್ರಲ್ಲಿ ಸತ್ತೋರವ್ರೆ. ಮುಟ್ಬೇಡಿ." ಅಕ್ಕ ಎಷ್ಟು ಬಯ್ದರೂ ಬಿಟ್ಟಿಲ್ಲ. ಒಂದೆರಡು ಮದುವೆಯವರು ಎದ್ದು ಬೇರೆ ಸ್ಟುಡಿಯೋಗೆ ಹೋದದ್ದೂ ಉಂಟು.

ನನ್ನ ಮುಂದೆ ಆ ಮಾತು ಬಂದಾಗಲೆಲ್ಲ, "ತಪ್ಪು ನಂದು ಕಣ್ಲಾ, ಏನಿಲ್ಲ ಅಂದ್ಬುಟ್ಟೆ. ನಿಂಗೆಂಗೆ ಗೊತ್ತಾಗ್ಬೇಕು?" ಎನ್ನುತ್ತಾರೆ. ನಾನು ಅಲ್ಲ ಎಂದಿಲ್ಲ. ಆ ಬೆಳಿಗ್ಗೆ ಖಾಲಿಯಂತೆ ಕಂಡ ಬಿಳಿ ಪರದೆ, ಅವರ ಮಾತು, ಇವೆರಡನ್ನು ಬಿಟ್ಟರೆ ನನಗೆ ತಿಳಿಯಲು ಬೇರೆ ದಾರಿಯೇ ಇರಲಿಲ್ಲವೆಂದು ನಾನೂ ನಂಬಿದ್ದೆ. ನನ್ನ ನೆನಪಿನಲ್ಲಿ ಲಿನಕ್ಸ್‌ನ ಆ ಪರದೆಯ ಮೇಲೆ ಇದ್ದದ್ದು ಇಷ್ಟೇ: ಭಾಗದ ಸಂಖ್ಯೆ, ಅದರ ಬಗೆ, ಗಾತ್ರ.

ಹೋದ ಬೇಸಿಗೆ ರಜೆಯಲ್ಲಿ ಮೇಜಿನ ಖಾನೆ ಖಾಲಿ ಮಾಡುವಾಗ ಆ ಹಳೆಯ ಪೆನ್ ಡ್ರೈವ್ ಸಿಕ್ಕಿತು. ಅದರಲ್ಲಿದ್ದದ್ದು ಅದೇ ಲಿನಕ್ಸ್, ಅದೇ ಆವೃತ್ತಿ. ಎರಡು ದಿನ ಅದನ್ನು ನೋಡುತ್ತ ಸುಮ್ಮನಿದ್ದೆ. ಮೂರನೆಯ ದಿನ ಬೆಳಿಗ್ಗೆ ಹಳೆಯ ಲ್ಯಾಪ್‌ಟಾಪೊಂದರಲ್ಲಿ ಭಾವನ ಡಿಸ್ಕಿನ ಹಾಗೆಯೇ ಭಾಗಗಳನ್ನು ಮಾಡಿದೆ. ಕೊನೆಯ ಎರಡರಲ್ಲಿ ಒಂದನ್ನು ನಿಜವಾಗಿಯೂ ಖಾಲಿ ಬಿಟ್ಟೆ. ಇನ್ನೊಂದರಲ್ಲಿ ನನ್ನವೇ ಫೋಟೋಗಳ ಒಂದು ಫೋಲ್ಡರ್ ಇಟ್ಟು, ಅಡಗಿಸಿದೆ. ವಿಂಡೋಸ್‌ನಲ್ಲಿ ತೆರೆದರೆ ಎರಡೂ ಒಂದೇ ರೀತಿ ಬಿಳಿ. ಪೆನ್ ಡ್ರೈವ್ ಚುಚ್ಚಿ, ಆ ಪರದೆಯ ತನಕ ಹೋಗಿ, ಅಲ್ಲಿ ನಿಲ್ಲಿಸಿದೆ.

ಗಾತ್ರದ ಪಕ್ಕದಲ್ಲೇ, ನನ್ನ ನೆನಪಿನಲ್ಲಿಲ್ಲದ ಇನ್ನೊಂದು ಅಂಕಣವಿದೆ. ಬಳಸಿದ ಜಾಗ ಎಷ್ಟೆಂದು ತೋರಿಸುವುದು ಅದರ ಕೆಲಸ. ಖಾಲಿ ಭಾಗದ ಎದುರು, ಅದರ ಸ್ವಂತ ಲೆಕ್ಕಪತ್ರಕ್ಕೆ ಬೇಕಾದಷ್ಟು, ಎರಡಂಕಿಯ ಸಣ್ಣ ಸಂಖ್ಯೆ ಇತ್ತು. ಅಡಗಿಸಿಟ್ಟ ಫೋಟೋಗಳಿದ್ದ ಭಾಗದ ಎದುರು ನಾಲ್ಕಂಕಿಯದು ಇತ್ತು.